ಅಡ್ವಾದ ಸೈನ್ಯ ಕಟ್ಟುವ ಬಗೆ: ಇಥಿಯೋಪಿಯಾದ ಪುಟ್ಟ ಸೈನಿಕರನ್ನು ಆರಿಸುವುದು, ತಿದ್ದುವುದು

ಪುಟ್ಟ ಗೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ ಹಳೆಯ ಕದನಗಳನ್ನು ಆಡುವ ವಾರ್‌ಗೇಮ್‌ಗೆ ಪೂರ್ವ ಆಫ್ರಿಕಾದ ಸೈನ್ಯ ಕಟ್ಟಬೇಕು ಅಂದ ಕೂಡಲೇ ಹೆಚ್ಚಿನವರ ಕಣ್ಣ ಮುಂದೆ ಬರುವುದು ಈಟಿ, ಗುರಾಣಿ ಹಿಡಿದು ಓಡಿಬರುವ ಗುಂಪು. ನನ್ನ ಕಣ್ಣ ಮುಂದೆಯೂ ಅದೇ ಬಂದಿತ್ತು. 24 ಗೊಂಬೆ ತರಿಸಿದೆ. ಎಲ್ಲರ ಕೈಗೂ ಈಟಿ ಕೊಟ್ಟು, ಬಣ್ಣ ಹಚ್ಚಿ ಮುಗಿಸಿದೆ. ಆಮೇಲೆ ಇಥಿಯೋಪಿಯಾ ಇಟಲಿಯನ್ನು ಸೋಲಿಸಿದ 1896ರ ಅಡ್ವಾ ಕದನದ ಬಗ್ಗೆ ಓದಲು ಕೂತೆ. ಚಕ್ರವರ್ತಿ ಎರಡನೇ ಮೆನೆಲಿಕ್ ಅಲ್ಲಿಗೆ ಕರೆತಂದದ್ದು ಸುಮಾರು ಒಂದು ಲಕ್ಷ ಜನರನ್ನು. ಅವರಲ್ಲಿ ಬಹುಪಾಲು ಮಂದಿಯ ಕೈಯಲ್ಲಿ ಇದ್ದದ್ದು ಬಂದೂಕು. ಮಲೆನಾಡಿನ ಮಾತಲ್ಲಿ ಹೇಳುವುದಾದರೆ ಕೇಪಿನ ಕೋವಿ ಅಲ್ಲ, ತೋಟಾ ಕೋವಿ. ರೆಮಿಂಗ್ಟನ್, ಗ್ರಾ, ಮಾರ್ಟಿನಿ-ಹೆನ್ರಿಯಂಥ ಆ ಕಾಲದ ಒಳ್ಳೆಯ ರೈಫಲ್‌ಗಳು. ಜೊತೆಗೆ ಹಾಚ್‌ಕಿಸ್ ಫಿರಂಗಿಗಳು. ನಾನು ಮಾಡಿಟ್ಟದ್ದು ಆ ಸೈನ್ಯವೇ ಅಲ್ಲ ಅಂತ ಗೊತ್ತಾಯಿತು. ಅಷ್ಟೂ ಈಟಿ ಕಿತ್ತು ಮತ್ತೆ ಶುರು ಮಾಡಿದೆ.

ಈ ಲೇಖನ ಬರೆಯಲು ಕಾರಣ ಅದೇ. ಅಡ್ವಾದಲ್ಲಿ ಗೆದ್ದದ್ದು ಬಂದೂಕು ಹಿಡಿದ, ಬರಿಗಾಲಿನ, ಬಿಳಿ ಹತ್ತಿ ಬಟ್ಟೆ ಹೊದ್ದ ರೈತ ಸೈನಿಕರು. ನಮ್ಮ ಮೇಜಿನ ಮೇಲೆ ಅವರು ಹಾಗೇ ಕಾಣಬೇಕು. ಅಂಗಡಿಯಲ್ಲಿ ಸಿಗುವ ಗೊಂಬೆಯನ್ನು ಹಾಗೆ ಕಾಣುವಂತೆ ತಿದ್ದುವುದು ಅಷ್ಟೇನೂ ಕಷ್ಟವಲ್ಲ.

ಮೊದಲು ಕದನವನ್ನು ತಿಳಿದುಕೊಳ್ಳಿ

1889ರಲ್ಲಿ ಮೆನೆಲಿಕ್ ಮತ್ತು ಇಟಲಿ ನಡುವೆ ವುಚಾಲೆ ಒಪ್ಪಂದವಾಯಿತು. ಅದರ 17ನೇ ವಿಧಿ ಅಮ್ಹಾರಿಕ್ ಭಾಷೆಯಲ್ಲಿ ಒಂದು ಥರ ಇತ್ತು, ಇಟಾಲಿಯನ್‌ನಲ್ಲಿ ಇನ್ನೊಂದು ಥರ. ಬೇರೆ ದೇಶಗಳ ಜೊತೆ ವ್ಯವಹರಿಸಲು ಇಟಲಿಯ ನೆರವು ಬೇಕಾದರೆ ಪಡೆಯಬಹುದು ಅಂತ ಒಂದರಲ್ಲಿ. ಪಡೆಯಲೇಬೇಕು ಅಂತ ಇನ್ನೊಂದರಲ್ಲಿ. ಈ ಒಂದು ಮಾತಿನಿಂದ ಹುಟ್ಟಿದ ಜಗಳ ಬೆಳೆದು 1896ರ ಮಾರ್ಚ್ 1ರಂದು ಅಡ್ವಾದ ಬೆಟ್ಟಗಳ ನಡುವೆ ಬಂದು ನಿಂತಿತು. ಇಟಲಿಯ ಜನರಲ್ ಬರತಿಯೇರಿ ಬಳಿ ಇದ್ದದ್ದು 17 ಸಾವಿರ ಚಿಲ್ಲರೆ ಜನ, 56 ಫಿರಂಗಿ. ರಾತ್ರಿಯ ನಡಿಗೆಯಲ್ಲಿ ಅವನ ದಳಗಳು ಒಂದರಿಂದ ಒಂದು ದೂರವಾದವು. ನಕ್ಷೆಯಲ್ಲಿ ಗುಡ್ಡದ ಹೆಸರು ತಪ್ಪಾಗಿತ್ತು, ಹಾಗಾಗಿ ಆಲ್ಬೆರ್ತೋನೆಯ ದಳ ತೀರಾ ಮುಂದೆ ಹೋಗಿಬಿಟ್ಟಿತು. ಇಥಿಯೋಪಿಯನ್ನರು ಒಂದೊಂದೇ ದಳವನ್ನು ಸುತ್ತುವರಿದು ಮುಗಿಸಿದರು.

ಗೊಂಬೆ ಆರಿಸಲು ಇದೆಲ್ಲ ಯಾಕೆ ಬೇಕು? ಮೆನೆಲಿಕ್‌ನ ಸೈನ್ಯಕ್ಕೆ ಸಮವಸ್ತ್ರ ಇರಲಿಲ್ಲ. ಹರಾರ್‌ನಿಂದ ರಾಸ್ (ದೊಡ್ಡ ಸಾಮಂತರ ಬಿರುದು) ಮಕೊನ್ನೆನ್, ತಿಗ್ರಾಯ್‌ನಿಂದ ರಾಸ್ ಮೆಂಗೆಶಾ ಮತ್ತು ರಾಸ್ ಅಲೂಲಾ, ವೊಲ್ಲೊದಿಂದ ರಾಸ್ ಮಿಕಾಯೆಲ್, ಗೊಜ್ಜಾಮ್‌ನಿಂದ ನೆಗುಸ್ (ರಾಜ) ತೆಕ್ಲೆ ಹೈಮನೋತ್ ಬಂದಿದ್ದರು. ಒಬ್ಬೊಬ್ಬರೂ ತಮ್ಮ ತಮ್ಮ ಸೀಮೆಯ ಜನರನ್ನು ಕರೆತಂದಿದ್ದರು. ಊರಲ್ಲಿ ಉಡುವ ಬಟ್ಟೆಯಲ್ಲೇ ಯುದ್ಧಕ್ಕೂ ಬಂದರು. ಆದ್ದರಿಂದ ಎಲ್ಲರೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣಬಾರದು. ದೂರದಿಂದ ನೋಡಿದರೆ ಮಾತ್ರ ಒಂದೇ ಬಿಳಿ ಬಣ್ಣ ಕಾಣಬೇಕು.

ಅಳತೆ ಮತ್ತು ಲೆಕ್ಕ

28 ಮಿ.ಮೀ. ಅಳತೆಯಲ್ಲಿ (ಗೊಂಬೆಯ ಎತ್ತರ ಸುಮಾರು ಅಷ್ಟು) ತಿದ್ದುವ ಕೆಲಸ ಸುಲಭ, ಮುಖ, ಕೈ, ಬಟ್ಟೆಯ ಮಡಿಕೆ ಎಲ್ಲ ಕಾಣುತ್ತದೆ. 1/72, ಅಂದರೆ ನಿಜದ ಅಳತೆಯ 72ರಲ್ಲಿ ಒಂದು ಪಾಲಿನ ಪ್ಲಾಸ್ಟಿಕ್ ಗೊಂಬೆ ಅಗ್ಗ, ದೊಡ್ಡ ಗುಂಪು ಮಾಡಬಹುದು, ಆದರೆ ಆ ಮೆತ್ತನೆ ಪ್ಲಾಸ್ಟಿಕ್‌ಗೆ ಅಂಟು ಹಿಡಿಯುವುದು ಕಷ್ಟ. 15 ಮಿ.ಮೀ.ನಲ್ಲಿ ತಿದ್ದುವುದಕ್ಕಿಂತ ಬಣ್ಣದಲ್ಲೇ ಕೆಲಸ ಮುಗಿಸುವುದು ಒಳ್ಳೆಯದು. ಇಲ್ಲಿ ಹೇಳುವುದೆಲ್ಲ 28 ಮಿ.ಮೀ. ಗೊಂಬೆಗಳಿಗೆ.

ಶುರುವಿಗೆ ನೂರು ಗೊಂಬೆ ಸಾಕು. ನನ್ನ ಲೆಕ್ಕ ಹೀಗಿದೆ: ತಲಾ 16 ಜನರ ನಾಲ್ಕು ಬಂದೂಕಿನ ತಂಡ, ಕತ್ತಿ-ಗುರಾಣಿಯವರ ಒಂದು ತಂಡ, ಹತ್ತು ಕುದುರೆ ಸವಾರರು, ಒಂದು ಫಿರಂಗಿ, ಉಳಿದದ್ದು ನಾಯಕರು ಮತ್ತು ಅವರ ಸುತ್ತಲಿನವರು. ಕಾಲಾಳುಗಳಲ್ಲಿ ನಾಲ್ಕಕ್ಕೆ ಮೂರು ಪಾಲಿನ ಕೈಯಲ್ಲಾದರೂ ಬಂದೂಕು ಇರಲಿ. ಇದಕ್ಕಿಂತ ಕಡಿಮೆ ಮಾಡಬೇಡಿ.

ಯಾವ ಗೊಂಬೆ ಕೊಳ್ಳಬೇಕು

ಅಡ್ವಾಗೆಂದೇ ಮಾಡಿದ ಲೋಹದ ಗೊಂಬೆ ಕೈಗೆ ಸಿಕ್ಕರೆ ಒಂದಷ್ಟು ಕೊಳ್ಳಿ, ನಾಯಕರಿಗೆ ಉಪಯೋಗಿಸಿ. ಆದರೆ ನೂರು ಗೊಂಬೆಯನ್ನು ಹೊರದೇಶದಿಂದ ಲೋಹದಲ್ಲೇ ತರಿಸಿದರೆ ಪಾರ್ಸೆಲ್ ಖರ್ಚು, ಕಸ್ಟಮ್ಸ್ ಸುಂಕ ಸೇರಿ ಕೈ ಸುಡುತ್ತದೆ. ಮೂರ್ನಾಲ್ಕು ಗೆಳೆಯರು ಸೇರಿ ಒಂದೇ ಪಾರ್ಸೆಲ್ ತರಿಸುವುದು ಜಾಣತನ.

ದೊಡ್ಡ ಗುಂಪಿಗೆ ನಾನು ಹೇಳುವುದು ಸುಡಾನಿನ ಮಹ್ದಿ ಸೈನಿಕರ, ಅಂದರೆ 1880ರ ದಶಕದಲ್ಲಿ ಈಜಿಪ್ಟಿನ ಆಳ್ವಿಕೆ ವಿರುದ್ಧ ದಂಗೆ ಎದ್ದ ಧರ್ಮಗುರು ಮಹ್ದಿಯ ಕಡೆಯವರ, ಪ್ಲಾಸ್ಟಿಕ್ ಪೆಟ್ಟಿಗೆ. ಪೆರ್ರಿ ಮಿನಿಯೇಚರ್ಸ್‌ನ ಮಹ್ದಿ ಅನ್ಸಾರ್ ಪೆಟ್ಟಿಗೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸಡಿಲ ಬಟ್ಟೆ, ಬರಿಗಾಲು ಅಥವಾ ಚಪ್ಪಲಿ, ತೆಳ್ಳಗಿನ ಮೈಕಟ್ಟು. ಕೈ, ತಲೆ ಬಿಡಿಯಾಗಿದ್ದರಂತೂ ಅರ್ಧ ಕೆಲಸ ಮುಗಿದಂತೆ. ಒಂದು ವಿಷಯ ನೆನಪಿಡಿ: ಮಹ್ದಿಯ ಕಡೆಯವರ ಜಿಬ್ಬಾ (ಸಡಿಲ ಅಂಗಿ) ಮೇಲೆ ಚೌಕ ಚೌಕ ತೇಪೆಗಳಿರುತ್ತವೆ. ಅದು ಅವರ ಗುರುತು. ಇಥಿಯೋಪಿಯನ್ನರಿಗೆ ಅದು ಸಲ್ಲದು. ತೇಪೆ ಉಬ್ಬಾಗಿದ್ದರೆ ಬ್ಲೇಡಿನಿಂದ ಹೆರೆದು, ಸಣ್ಣ ಅರದಿಂದ ಉಜ್ಜಿ ನುಣುಪು ಮಾಡಿ.

ಬಂದೂಕಿನ ವಿಷಯದಲ್ಲಿ ನಮಗೆ ಅದೃಷ್ಟ ಇದೆ. ಈಜಿಪ್ಟಿನ ಸೈನ್ಯ ಬಳಸುತ್ತಿದ್ದದ್ದು ರೆಮಿಂಗ್ಟನ್. ಅದನ್ನು ಸುಡಾನಿನಲ್ಲಿ ಮಹ್ದಿಯ ಜನ ಕಿತ್ತುಕೊಂಡರು. ಅದಕ್ಕೂ ಮೊದಲೇ, 1875ರಲ್ಲಿ ಗುಂಡೆತ್ ಮತ್ತು 1876ರಲ್ಲಿ ಗುರಾ ಕದನಗಳಲ್ಲಿ ಇಥಿಯೋಪಿಯನ್ನರು ಈಜಿಪ್ಟಿನವರನ್ನು ಸೋಲಿಸಿ ರಾಶಿ ರಾಶಿ ರೆಮಿಂಗ್ಟನ್ ಗೆದ್ದುಕೊಂಡಿದ್ದರು. ಹಾಗಾಗಿ ಸುಡಾನ್ ಪೆಟ್ಟಿಗೆಯಲ್ಲಿ ಬರುವ ರೆಮಿಂಗ್ಟನ್‌ಗಳನ್ನು ಕಣ್ಣುಮುಚ್ಚಿ ಬಳಸಬಹುದು. ಸಾಲದಿದ್ದರೆ 1870ರ ಕಾಲದ ಯಾವುದೇ ಯುರೋಪಿನ ಕಾಲಾಳುಗಳ ಪೆಟ್ಟಿಗೆಯಲ್ಲಿ ಉಳಿದ ಬಂದೂಕು ನಡೆಯುತ್ತದೆ. ಫ್ರಾನ್ಸಿನ ಗ್ರಾ ರೈಫಲ್ ಅಲ್ಲಿ ಎಷ್ಟು ಬಳಕೆಯಲ್ಲಿತ್ತೆಂದರೆ ಅದಕ್ಕೆ 'ವುಜಿಗ್ರಾ' ಅಂತ ಅವರದೇ ಹೆಸರು ಬಿತ್ತು.

ಇನ್ನು ಕೊಳ್ಳಬಾರದ್ದು. ಫೌಂಡ್ರಿ ಕಂಪನಿಯ 'ಡಾರ್ಕೆಸ್ಟ್ ಆಫ್ರಿಕಾ' ಸಾಲಿನಲ್ಲಿ ಮಾಸಾಯಿ, ರುಗಾ-ರುಗಾ, ಜಾಂಜಿಬಾರಿನ ಅರಬರು ಎಲ್ಲ ಇದ್ದಾರೆ. ಗೊಂಬೆಗಳು ಸೊಗಸಾಗಿವೆ. ಆದರೆ ಮಾಸಾಯಿಗಳು ಕೆನ್ಯಾ-ಟಾಂಜಾನಿಯಾದ ಹುಲ್ಲುಗಾವಲಿನ ಜನ. ರುಗಾ-ರುಗಾಗಳು ಇಂದಿನ ಟಾಂಜಾನಿಯಾದ ಒಳನಾಡಿನಲ್ಲಿ ಮಿರಾಂಬೊನಂಥ ದೊರೆಗಳ ಕೆಳಗೆ ಕಾದಿದವರು. ಅವರನ್ನು ಅಡ್ವಾಗೆ ತಂದು ನಿಲ್ಲಿಸುವುದು ಕೊಡವರ ವೇಷ ಹಾಕಿಸಿ ಕಾಶ್ಮೀರದ ಕದನ ಆಡಿಸಿದಂತೆ. ಅವರ ಕಥೆ ಬೇರೆ, ಅವರಿಗೆ ಬೇರೆ ಸೈನ್ಯವನ್ನೇ ಕಟ್ಟಬೇಕು.

ಮೊದಲ ಮಹಾಯುದ್ಧದ ಅಸ್ಕಾರಿಗಳೂ (ಯುರೋಪಿನವರ ಸೈನ್ಯದಲ್ಲಿದ್ದ ಆಫ್ರಿಕಾದ ಸೈನಿಕರು) ಇಲ್ಲಿಗೆ ಬೇಡ. ಕಾಲಿಗೆ ಪಟ್ಟಿ ಸುತ್ತಿರುತ್ತಾರೆ, ಬೆನ್ನಿಗೆ ಚೀಲ ಇರುತ್ತದೆ. ಅದನ್ನೆಲ್ಲ ಕೆರೆದು ತೆಗೆಯುವಷ್ಟರಲ್ಲಿ ಸಾಕಾಗುತ್ತದೆ.

ಒಂದು ಗೊಂಬೆ, ಮೊದಲಿಂದ ಕೊನೆವರೆಗೆ

ಮೇಜಿನ ಮೇಲೆ ಇರಬೇಕಾದದ್ದು ಇಷ್ಟು: ಚೂಪಾದ ಬ್ಲೇಡು, ಸಣ್ಣ ಕಟ್ಟರ್, ಸೂಜಿಯಂಥ ಅರ, ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್, ಗುಂಡುಸೂಜಿ, ಫೆವಿಕ್ವಿಕ್, ಫೆವಿಕಾಲ್, ಎಂ-ಸೀಲ್, ಟಿಶ್ಯೂ ಪೇಪರ್. ಗ್ರೀನ್ ಸ್ಟಫ್ (ಗೊಂಬೆ ತಿದ್ದಲು ಬಳಸುವ ಹಸಿರು ಎಪಾಕ್ಸಿ ಪುಟ್ಟಿ) ಇದ್ದರೆ ಒಳ್ಳೆಯದು. ಎಂ-ಸೀಲ್ ಸ್ವಲ್ಪ ತರಿತರಿ, ಗಟ್ಟಿಯಾದ ಮೇಲೆ ಬಾಗುವುದಿಲ್ಲ. ಕೂದಲು, ಬಂಡೆ, ನಗಾರಿಯಂಥ ದಪ್ಪ ಕೆಲಸಕ್ಕೆ ಅದು ಸಾಕು. ತೆಳುವಾದ ಪಟ್ಟಿ, ಬಟ್ಟೆಯ ಅಂಚು ಮಾಡಲು ಗ್ರೀನ್ ಸ್ಟಫ್ಫೇ ಬೇಕು.

ಬಲಗೈಯಲ್ಲಿ ಈಟಿ ಎತ್ತಿ ಹಿಡಿದ ಗೊಂಬೆ ಒಂದನ್ನು ತೆಗೆದುಕೊಳ್ಳಿ. ಈಟಿಯನ್ನು ಮುಷ್ಟಿಯ ಮೇಲೂ ಕೆಳಗೂ ಕತ್ತರಿಸಿ. ಮುಷ್ಟಿಗೆ ಏಟಾಗದಂತೆ ನೋಡಿಕೊಳ್ಳಿ. ಈಗ ಬಂದೂಕು. ಗ್ರಾ ರೈಫಲ್‌ನ ನಿಜವಾದ ಉದ್ದ ಸುಮಾರು 130 ಸೆಂ.ಮೀ. ನಮ್ಮ ಅಳತೆಗೆ ಇಳಿಸಿದರೆ 23 ಮಿ.ಮೀ. ಬುಡ ನೆಲಕ್ಕೆ ತಾಗಿಸಿದರೆ ತುದಿ ಗಲ್ಲದ ಹತ್ತಿರ ಬರಬೇಕು. ಇದಕ್ಕಿಂತ ಚಿಕ್ಕದಾದರೆ ಆಟಿಕೆಯಂತೆ ಕಾಣುತ್ತದೆ. ಬಂದೂಕನ್ನು ಮುಷ್ಟಿಯ ಜಾಗದಲ್ಲಿ ಎರಡು ತುಂಡು ಮಾಡಿ, ಒಂದನ್ನು ಮುಷ್ಟಿಯ ಮೇಲೆ, ಒಂದನ್ನು ಕೆಳಗೆ ಅಂಟಿಸಿ. ಲೋಹದ ಗೊಂಬೆಯಾದರೆ ಮುಷ್ಟಿಗೆ ತೂತು ಕೊರೆದು, ಗುಂಡುಸೂಜಿಯ ತುಂಡು ತೂರಿಸಿ, ಅದಕ್ಕೆ ಅಂಟಿಸಿ. ಬರೀ ಅಂಟು ನಂಬಿದರೆ ಎರಡನೇ ಆಟಕ್ಕೇ ಕಳಚಿ ಬೀಳುತ್ತದೆ. ಲೋಹ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಹಳೆಯ ಗೊಂಬೆಗಳಲ್ಲಿ ಸೀಸ ಇರುತ್ತದೆ.

ಸೊಂಟಕ್ಕೆ ತೋಟಾ ಪಟ್ಟಿ. ಗ್ರೀನ್ ಸ್ಟಫ್ಫನ್ನು ಎಳೆಯಾಗಿ ಹೊಸೆದು, ಒತ್ತಿ ಚಪ್ಪಟೆ ಮಾಡಿ, ಸೊಂಟಕ್ಕೆ ಸುತ್ತಿ. ಅರ್ಧ ಗಂಟೆ ಬಿಟ್ಟು ಬ್ಲೇಡಿನ ಬೆನ್ನಿನಿಂದ ಸಾಲು ಸಾಲು ಗೆರೆ ಒತ್ತಿ. ಕೂಡಲೇ ಒತ್ತಿದರೆ ಕೈಗೆ ಅಂಟಿ ಕಿತ್ತುಬರುತ್ತದೆ.

ಆಮೇಲೆ ಕತ್ತಿ. ಶೋತೆಲ್ ಅನ್ನುವುದು ಕುಡುಗೋಲಿನಂತೆ ಬಾಗಿದ ಕತ್ತಿ. ಗುರಾಣಿಯ ಅಂಚು ದಾಟಿ ಹಿಂದೆ ನಿಂತವನನ್ನು ತಿವಿಯುವುದಕ್ಕೆ ಆ ಬಾಗು. ಹಿತ್ತಾಳೆ ತಂತಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, ಪೆನ್ಸಿಲ್‌ಗೆ ಸುತ್ತಿ ಬಾಗಿಸಿ, ತುದಿಯನ್ನು ಅರದಿಂದ ಚೂಪು ಮಾಡಿದರೆ ಆಯಿತು. ಅದನ್ನು ಬಲ ಸೊಂಟದಲ್ಲಿ ಕಟ್ಟಿ. ಗುರಾಣಿ ಹಿಡಿದ ಎಡಗೈಗೆ ಅಡ್ಡ ಬಾರದಿರಲಿ ಅಂತ ಇಥಿಯೋಪಿಯನ್ನರು ಕತ್ತಿಯನ್ನು ಬಲಗಡೆಗೇ ಕಟ್ಟುತ್ತಿದ್ದರು. ಚಿಕ್ಕ ವಿಷಯ. ಆದರೆ ಇಥಿಯೋಪಿಯಾ ಬಲ್ಲವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಗುರಾಣಿಗೆ ಡ್ರಾಯಿಂಗ್ ಪಿನ್ ನೋಡಿ. ಉಬ್ಬಿದ ತಲೆಯ ಹಳೇ ಥರದ ಪಿನ್ನಿನ ಮುಳ್ಳು ಕತ್ತರಿಸಿದರೆ ಸರಿಯಾಗಿ 10 ಮಿ.ಮೀ. ಗುರಾಣಿ ಸಿಗುತ್ತದೆ. ಚರ್ಮದಿಂದ ಮಾಡಿದ ನಿಜವಾದ ಗುರಾಣಿ ನಡುವಿನಲ್ಲಿ ಮೊನೆಯಾಗಿ ಉಬ್ಬಿರುತ್ತದೆ. ಎಂ-ಸೀಲ್‌ನ ಸಾಸಿವೆ ಕಾಳಿನಷ್ಟು ಉಂಡೆಯನ್ನು ನಡುವೆ ಒತ್ತಿ ಮೊನೆ ಮಾಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಶಮ್ಮಾ, ಅಂದರೆ ಮೈಗೆ ಹೊದೆಯುವ ಬಿಳಿ ಹತ್ತಿ ಬಟ್ಟೆ. ಇದೊಂದು ಬಂದರೆ ಸುಡಾನಿನ ಗೊಂಬೆ ಇಥಿಯೋಪಿಯಾದವನಾಗುತ್ತದೆ. ಟಿಶ್ಯೂ ಪೇಪರಿನ ಪದರ ಬಿಡಿಸಿ ಒಂದೇ ಪದರ ತೆಗೆದುಕೊಳ್ಳಿ. ಎರಡೂವರೆ ಸೆಂ.ಮೀ. ಅಗಲ, ನಾಲ್ಕು ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಫೆವಿಕಾಲ್‌ಗೆ ಅಷ್ಟೇ ನೀರು ಬೆರೆಸಿ. ಗೊಂಬೆಯ ಎಡ ಹೆಗಲಿಗೆ ಬ್ರಶ್ಶಿನಿಂದ ಸ್ವಲ್ಪ ಹಚ್ಚಿ, ಕಾಗದದ ಒಂದು ಮೂಲೆ ಅಲ್ಲಿ ಇಡಿ. ಒದ್ದೆ ಬ್ರಶ್ಶಿನಿಂದಲೇ ಕಾಗದವನ್ನು ಎದೆಯ ಮೇಲಿಂದ ಬಲ ಕಂಕುಳ ಕೆಳಗೆ ಸಾಗಿಸಿ, ಬೆನ್ನ ಹಿಂದಿನಿಂದ ತಂದು ಮತ್ತೆ ಎಡ ಹೆಗಲ ಮೇಲೆ ಹಾಕಿ. ಬೆರಳು ಮುಟ್ಟಿಸಬೇಡಿ, ಹರಿಯುತ್ತದೆ. ಮಡಿಕೆಗಳು ತಾವಾಗಿಯೇ ಬೀಳುತ್ತವೆ, ಅವನ್ನು ಜಾಸ್ತಿ ತಿದ್ದಲು ಹೋಗಬೇಡಿ. ಗುಂಡು ಹಾರಿಸುವ ಬಲಗೈ ಬಿಡುವಾಗಿರಲಿ.

ಮಳೆಗಾಲದಲ್ಲಿ ನಾನು ಒಮ್ಮೆ ನೀರು ಜಾಸ್ತಿ ಬೆರೆಸಿಬಿಟ್ಟೆ. ಬೆಳಗ್ಗೆ ಎದ್ದು ನೋಡಿದರೆ ಎಂಟು ಜನರ ಶಮ್ಮಾ ಜಾರಿ ಕಾಲ ಬಳಿ ಮುದ್ದೆಯಾಗಿ ಬಿದ್ದಿತ್ತು. ತೇವದ ದಿನಗಳಲ್ಲಿ ನೀರು ಕಡಿಮೆ ಮಾಡಿ, ಗೊಂಬೆಗಳನ್ನು ಟೇಬಲ್ ಲ್ಯಾಂಪಿನ ಹತ್ತಿರ ಇಡಿ. ಒಣಗಿದ ಮೇಲೆ ಇನ್ನೊಂದು ಸಲ ತೆಳ್ಳಗೆ ಫೆವಿಕಾಲ್ ಹಚ್ಚಿದರೆ ಬಟ್ಟೆ ಗಟ್ಟಿಯಾಗುತ್ತದೆ.

ಈ ಕ್ರಮ ಬದಲಿಸಬೇಡಿ. ಆಯುಧ ಮೊದಲು, ಪಟ್ಟಿ ಆಮೇಲೆ, ಶಮ್ಮಾ ಕೊನೆಗೆ. ಬಟ್ಟೆ ಬಂದು ಕೂತರೆ ಕೆಳಗಿನ ಬೆಸುಗೆ, ತೂತು ಎಲ್ಲ ಮುಚ್ಚಿಹೋಗುತ್ತದೆ.

ನಾಯಕರು, ನಗಾರಿ, ನೀರು ಹೊತ್ತ ಹೆಂಗಸರು

ಸಿಂಹದ ಕೇಸರದ ಕಿರೀಟ, ಲೆಮ್ದ್ ಅನ್ನುವ ಹೆಗಲ ಹೊದಿಕೆ ಇವೆಲ್ಲ ಹೆಸರು ಮಾಡಿದ ವೀರರಿಗೆ, ದೊಡ್ಡವರಿಗೆ ಮಾತ್ರ. ನೂರು ಗೊಂಬೆಗೆ ಮೂರೋ ನಾಲ್ಕೋ ಸಾಕು. ಕೇಸರಕ್ಕೆ ಹಣೆಯ ಸುತ್ತ ಎಂ-ಸೀಲ್ ಮೆತ್ತಿ, ಮೆತ್ತಗಿರುವಾಗಲೇ ಸೂಜಿಯಿಂದ ಹೊರಗಡೆಗೆ ಬಾಚಿ. ಲೆಮ್ದ್‌ನ ಕೆಳ ಅಂಚು ನಾಲಿಗೆ ನಾಲಿಗೆಯಾಗಿ ಇಳಿಬಿದ್ದಿರುತ್ತದೆ. ಗ್ರೀನ್ ಸ್ಟಫ್ಫಿನ ತೆಳು ಹಾಳೆ ಮಾಡಿ ಕತ್ತರಿಯಿಂದಲೇ ಆ ಆಕಾರ ಕತ್ತರಿಸಬಹುದು. ನನ್ನ ಸೈನ್ಯದಲ್ಲಿ ಇವೆರಡೂ ಇರುವುದು ಫಿತಾವ್ರಾರಿ ಗೆಬೆಯೆಹುಗೆ. ಫಿತಾವ್ರಾರಿ ಅಂದರೆ ಮುಂಚೂಣಿಯ ನಾಯಕ. ಅವನು ಅಡ್ವಾದಲ್ಲೇ ಪ್ರಾಣ ಕೊಟ್ಟ.

ನೆಗರಿತ್ ಅನ್ನುವ ರಣವಾದ್ಯದ ಹೆಸರು ಕೇಳಿದರೆ ನಮ್ಮ ನಗಾರಿ ನೆನಪಾಗುತ್ತದೆ, ಆಕಾರವೂ ಹಾಗೇ. ಹೇಸರಗತ್ತೆಯ ಎರಡೂ ಪಕ್ಕಕ್ಕೆ ಎಂ-ಸೀಲ್‌ನ ಅರ್ಧ ಉಂಡೆ ಒಂದೊಂದು ಅಂಟಿಸಿ, ಮೇಲೆ ಒಬ್ಬ ಬಡಿಯುವವನನ್ನು ಕೂರಿಸಿ.

ಮಹಾರಾಣಿ ತೈತು ಬೆತುಲ್ ಇಲ್ಲದ ಅಡ್ವಾ ಸೈನ್ಯ ನನ್ನ ಮಟ್ಟಿಗೆ ಅಪೂರ್ಣ. ಆಕೆ ತನ್ನದೇ ಪಡೆ ಕಟ್ಟಿಕೊಂಡು ಬಂದಿದ್ದಳು. ಅದಕ್ಕೂ ಮೊದಲು ಇಟಲಿಯವರು ಹಿಡಿದಿದ್ದ ಮೆಕೆಲೆ ಕೋಟೆಗೆ ಮುತ್ತಿಗೆ ಹಾಕಿದಾಗ ನೀರಿನ ದಾರಿ ಕಡಿಯಲು ಸಲಹೆ ಕೊಟ್ಟವಳೂ ಆಕೆಯೇ. ಕಪ್ಪು ಕೊಡೆ ಹಿಡಿದು ಕದನದಲ್ಲಿ ಜನರಿಗೆ ಹುರುಪು ತುಂಬಿದಳು ಅಂತ ವರ್ಣನೆ ಇದೆ. ಉದ್ದ ಅಂಗಿಯ ಗೊಂಬೆಯೊಂದಕ್ಕೆ ಪಾದದವರೆಗೆ ಟಿಶ್ಯೂ ಬಟ್ಟೆ ಇಳಿಸಿ. ಕೊಡೆಗೆ 18 ಮಿ.ಮೀ. ಅಗಲದ ಕಾಗದದ ವೃತ್ತ ಕತ್ತರಿಸಿ, ನಡುವಿನವರೆಗೆ ಒಂದು ಸೀಳು ಹಾಕಿ, ಅಂಚಿನ ಮೇಲೆ ಅಂಚು ಅಂಟಿಸಿ. ಕಾವು ಗುಂಡುಸೂಜಿ.

ಅವಳ ಸುತ್ತ ನೀರು ಹೊತ್ತ ಹೆಂಗಸರು ಇರಲಿ. ಗಾಯಗೊಂಡವರಿಗೆ ನೀರು ಕುಡಿಸಿದವರು ಇವರು. ನಮ್ಮಲ್ಲಿ ಕೊಡ ಸೊಂಟದ ಮೇಲೆ ಅಥವಾ ತಲೆಯ ಮೇಲೆ, ಅಲ್ವಾ? ಅಲ್ಲಿ ಬೆನ್ನ ಮೇಲೆ. ಮಣ್ಣಿನ ಗಡಿಗೆಯನ್ನು ಹಗ್ಗ ಕಟ್ಟಿ ಬೆನ್ನಿಗೆ ಹೊರುತ್ತಾರೆ, ಮೈ ಸ್ವಲ್ಪ ಮುಂದಕ್ಕೆ ಬಾಗಿರುತ್ತದೆ. ಹಾಗಾಗಿ ಬಾಗಿ ನಡೆಯುವ ಗೊಂಬೆಯನ್ನೇ ಆರಿಸಿ, ಬೆನ್ನಿಗೆ ಎಂ-ಸೀಲ್ ಗಡಿಗೆ ಕೂರಿಸಿ, ಎದೆಯ ಮೇಲೆ ಹೊಲಿಗೆ ದಾರ ಎಳೆದು ಅಂಟಿಸಿ.

ಪಾದ್ರಿಗಳನ್ನೂ ಸೇರಿಸಬಹುದು. ಕದನದ ದಿನ ಸಂತ ಗಿಯೋರ್ಗಿಸ್‌ನ (ಸೇಂಟ್ ಜಾರ್ಜ್) ದಿನ, ಅವನ ತಾಬೋತನ್ನು (ಚರ್ಚಿನ ಪವಿತ್ರ ಫಲಕ) ರಣರಂಗಕ್ಕೆ ಹೊತ್ತು ತಂದಿದ್ದರು. ತಲೆಯ ಮೇಲೆ ಬಟ್ಟೆ ಮುಚ್ಚಿದ ಪೆಟ್ಟಿಗೆ, ಪಕ್ಕದಲ್ಲಿ ಬಣ್ಣದ ಕೊಡೆ ಹಿಡಿದವನು. ಎರಡು ಗೊಂಬೆಯಲ್ಲಿ ಮುಗಿಯುತ್ತದೆ.

ಕುದುರೆ ಸವಾರರಲ್ಲಿ ಓರೊಮೊ ಜನಾಂಗದವರೇ ಮುಖ್ಯ. ಇವರ ಕೈಗೆ ಮಾತ್ರ ಧಾರಾಳವಾಗಿ ಈಟಿ, ಗುರಾಣಿ ಕೊಡಿ. ನಾನು ಕಿತ್ತ ಈಟಿಗಳಲ್ಲಿ ಹತ್ತು ಇವರಿಗೇ ಹೋದವು. ಬರಿಗಾಲಿನ ಸವಾರರು ರಿಕಾಪಿಗೆ ಪಾದವಿಡೀ ತೂರಿಸುತ್ತಿರಲಿಲ್ಲ, ಹೆಬ್ಬೆರಳು ಮಾತ್ರ. ಬೂಟು ಇರುವ ಸವಾರ ಸಿಕ್ಕರೆ ರಿಕಾಪು ಕತ್ತರಿಸಿ, ಬೂಟನ್ನು ಪಾದದಂತೆ ಕೆತ್ತಿ, ಹೆಬ್ಬೆರಳ ಕೆಳಗೆ ತಂತಿಯ ಸಣ್ಣ ಬಳೆ ಅಂಟಿಸಿ.

ಬಣ್ಣ

ಬಿಳಿ ಅಂತ ಸುಮ್ನೆ ಬಿಳಿ ಬಳಿದರೆ ಸುಣ್ಣದ ಗೊಂಬೆಯಾಗುತ್ತದೆ. ಕಂದು ಪ್ರೈಮರ್ ಮೇಲೆ ಮಣ್ಣು ಮಿಶ್ರಿತ ಬೂದು ಹಚ್ಚಿ, ಅದರ ಮೇಲೆ ಮೂಳೆಯ ಬಣ್ಣ, ಕೊನೆಗೆ ಮಡಿಕೆಯ ತುದಿಗಳಿಗೆ ಮಾತ್ರ ಬಿಳಿ. ನಾಲ್ಕರಲ್ಲಿ ಒಬ್ಬನ ಶಮ್ಮಾಗೆ ಅಗಲವಾದ ಕೆಂಪು ಪಟ್ಟಿ ಎಳೆಯಿರಿ. ಜಾನೊ ಅನ್ನುವ ಆ ಬಟ್ಟೆ ಗುಂಪಿನ ನಡುವೆ ಎದ್ದು ಕಾಣುತ್ತದೆ. ಷರಾಯಿ ಮೊಣಕಾಲಿನ ಕೆಳಗೆ ನಿಲ್ಲಲಿ, ಅದಕ್ಕೂ ಮಾಸಿದ ಬಿಳಿಯೇ.

ಮೈಬಣ್ಣಕ್ಕೆ ಸಮಯ ಕೊಡಿ. ಕಪ್ಪು ಬಣ್ಣದ ಬಾಟಲಿ ಮುಟ್ಟಬೇಡಿ. ಮೂರು ಕಂದು ಕಲಸಿಟ್ಟುಕೊಳ್ಳಿ: ಒಂದು ಕೆಂಪು ಬೆರೆತದ್ದು, ಒಂದು ಕಡು, ಒಂದು ತಿಳಿ. ಪ್ರತಿ ತಂಡದಲ್ಲೂ ಮೂರನ್ನೂ ಬಳಸಿ. ಮೂಗು, ಕೆನ್ನೆ, ಗೆಣ್ಣುಗಳ ಮೇಲೆ ಅದೇ ಕಂದಿಗೆ ಚೂರು ಕಿತ್ತಳೆ ಬೆರೆಸಿ ಮುಟ್ಟಿಸಿ, ಮುಖಕ್ಕೆ ಜೀವ ಬರುತ್ತದೆ. ಒಬ್ಬೊಬ್ಬರೂ ಬೇರೆ ಬೇರೆ ಮನುಷ್ಯರಾಗಿ ಕಾಣಬೇಕು.

ಬಾವುಟದಲ್ಲಿ ಜನ ತುಂಬಾ ತಪ್ಪು ಮಾಡುತ್ತಾರೆ. ನೀಲಿ ವೃತ್ತದಲ್ಲಿ ನಕ್ಷತ್ರ ಇರುವ ಇಥಿಯೋಪಿಯಾ ಬಾವುಟ 1996ರದ್ದು. ಅಡ್ವಾಗೆ ಅದು ಬೇಡ. ಆಗ ಹಸಿರು, ಹಳದಿ, ಕೆಂಪು ಪತಾಕೆಗಳು ಒಂದೊಂದೂ ಬೇರೆಯಾಗಿ ಹಾರುತ್ತಿದ್ದವು. ತ್ರಿಕೋನದ ಮೂರು ಕಾಗದದ ಪತಾಕೆಗಳನ್ನು ಒಂದೇ ಕೋಲಿಗೆ ಕಟ್ಟಿ.

ನೆಲ, ಮತ್ತು ಮೊದಲ ಆಟ

ಮಾರ್ಚ್ ತಿಂಗಳು ಅಲ್ಲಿ ಒಣ ಕಾಲ. ಹಸಿರು ಹುಲ್ಲು ಹಾಕಬೇಡಿ. ಜರಡಿ ಹಿಡಿದ ಮರಳಿಗೆ ಕಂದು ಬಣ್ಣ ಕೊಟ್ಟು, ಒಣಗಿದ ಹುಲ್ಲಿನ ಎಳೆ, ಚೂರು ಕಲ್ಲು ಅಂಟಿಸಿ. ಕುಡಿದು ಬಿಟ್ಟ ಟೀ ಪುಡಿಯನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಬಳಸಿದರೆ ಒಣ ಮಣ್ಣಿನ ಹಾಗೇ ಕಾಣುತ್ತದೆ. ರವೆ ಬಳಸುವವರನ್ನು ನೋಡಿದ್ದೇನೆ. ಹುಳ ಬರುತ್ತದೆ, ಬೇಡ. ಕೊನೆಗೆ ಹೊಳಪಿಲ್ಲದ ವಾರ್ನಿಶ್ ಎರಡು ಕೈ.

ನೂರು ಗೊಂಬೆ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಎರಡು ಬಂದೂಕಿನ ತಂಡ, ಒಬ್ಬ ನಾಯಕ ಆದ ಕೂಡಲೇ ಅಂಬಾ ಅಲಗಿ ಬೆಟ್ಟದ ಕದನ ಆಡಿ. 1895ರ ಡಿಸೆಂಬರ್ 7ರಂದು ಇಟಲಿಯ ಮೇಜರ್ ತೊಸೆಲ್ಲಿ ಎರಡು ಸಾವಿರ ಚಿಲ್ಲರೆ ಜನರೊಂದಿಗೆ ಆ ಬೆಟ್ಟ ಹಿಡಿದು ನಿಂತಿದ್ದ. ಅವರಲ್ಲಿ ಹೆಚ್ಚಿನವರು ಎರಿಟ್ರಿಯಾದ ಅಸ್ಕಾರಿಗಳು: ಬಿಳಿ ಉಡುಪು, ಕೆಂಪು ತರ್ಬೂಷ್ ಟೋಪಿ, ಸೊಂಟಕ್ಕೆ ಬೆಟಾಲಿಯನ್‌ನ ಬಣ್ಣದ ಪಟ್ಟಿ. ಅದೇ ಸುಡಾನ್ ಪೆಟ್ಟಿಗೆಯ ಗೊಂಬೆಗೆ ಎಂ-ಸೀಲ್ ಟೋಪಿ ಕೂರಿಸಿ ಇವರನ್ನೂ ಮಾಡಬಹುದು. ತಿದ್ದದೆ ಉಳಿದ ಮಹ್ದಿಗಳನ್ನು ಎಸೆಯಬೇಡಿ. 1889ರ ಮಾರ್ಚ್‌ನಲ್ಲಿ ಮೆಟೆಮ್ಮಾದಲ್ಲಿ ಚಕ್ರವರ್ತಿ ನಾಲ್ಕನೇ ಯೊಹಾನಿಸ್ ಕಾದಿ ಸತ್ತದ್ದು ಇವರ ಎದುರಿಗೇ.

ಬೆಂಗಳೂರಿನ ಗೆಳೆಯರು ಹಿಂದಕ್ಕೆ, 1868ಕ್ಕೂ ಹೋಗಬಹುದು. ಆ ವರ್ಷ ಚಕ್ರವರ್ತಿ ತೆವೊದ್ರೊಸ್‌ನ ಮಗ್ದಲಾ ಕೋಟೆಗೆ ಹೋದ ಬ್ರಿಟಿಷ್ ಸೇನಾನಿ ನೇಪಿಯರ್‌ನ ಸೈನ್ಯದಲ್ಲಿ ನಮ್ಮ ಊರಿನಲ್ಲೇ ನೆಲೆ ಇರುವ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್ ಇದ್ದರು. ಸಾಮಾನು ಹೊರಲು ಭಾರತದಿಂದ 44 ಆನೆಗಳೂ ಹೋಗಿದ್ದವು. ಇದೇ ಶಮ್ಮಾ ಹೊದ್ದ ಗೊಂಬೆಗಳು ಆ ಆಟಕ್ಕೂ ನಡೆಯುತ್ತವೆ. ಆಗ ಮಾತ್ರ ಕೈಯಲ್ಲಿ ರೆಮಿಂಗ್ಟನ್ ಇರಬಾರದು. ಈಟಿ, ಹಳೇ ಕೋವಿ ಹಿಡಿದ ಇನ್ನೊಂದಿಷ್ಟು ಜನರನ್ನು ಮಾಡಿಕೊಳ್ಳಿ. ನನ್ನಲ್ಲಿ ಕಿತ್ತ ಈಟಿಗಳಲ್ಲಿ ಇನ್ನೂ ಹದಿನಾಲ್ಕು ಉಳಿದಿವೆ, ಅವನ್ನು ಇದಕ್ಕೇ ಎತ್ತಿಟ್ಟಿದ್ದೇನೆ.